ಹಗೇವಿಗೆ ಇಳಿಬಿಟ್ಟ ದೀಪ

ಕಂತು ಆರು

ಶ್ಯಾಮಲಾ ಅಳತೆ ಟೇಪಿನ ತುದಿಯನ್ನು ಲಾಟೀನಿನ ತಳಕ್ಕೆ ಒತ್ತಿಹಿಡಿದು, ಹಗ್ಗದ ಉದ್ದಕ್ಕೂ ಎಳೆದುಕೊಂಡು ಹೋದಳು. ಗಂಟಿನ ಹತ್ತಿರ ನಿಂತಳು. ನಂಬಿಕೆಯಾಗದೆ ಇನ್ನೊಂದು ಸಲ ಅಳೆದಳು.

"ಸಾರ್, ಹಗೇವಿನ ಆಳ ಎಷ್ಟು ಅಂದ್ರಿ?"

"ಹನ್ನೆರಡು ಅಡಿ."

"ಈ ಗಂಟು ಆರಡಿಗೇ ಇದೆ."

ಜಗಲಿಯ ಕಂಬಕ್ಕೆ ಒರಗಿ ಕೂತಿದ್ದ ಸಬ್ ಇನ್ಸ್‌ಪೆಕ್ಟರ್ ನಂದಕುಮಾರ್ ಕಣ್ಣು ತೆರೆದ. ಎದ್ದು ಹೋಗಿ ನೋಡಬೇಕಿತ್ತು, ಕಾಲು ಒಪ್ಪಲಿಲ್ಲ. ಐವತ್ತಾರು ವರ್ಷದ ವಯಸ್ಸು, ಮೂವತ್ತೊಂದು ವರ್ಷದ ಸರ್ವೀಸು, ಹನ್ನೆರಡು ವರ್ಷದ ಸಕ್ಕರೆ ಕಾಯಿಲೆ, ಮೂರೂ ಸೇರಿ ಮೊಣಕಾಲಿನ ಮೇಲೆ ಕೂತಿದ್ದವು. ಕೂತಲ್ಲಿಂದಲೇ ಕೈ ಚಾಚಿದ. ಶ್ಯಾಮಲಾ ಹಗ್ಗವನ್ನು ತಂದು ಅವನ ಅಂಗೈಯಲ್ಲಿಟ್ಟಳು.

ನಾಲ್ಕು ದಿನದಿಂದ ಈ ಹಗ್ಗ ಶ್ರೀನಿವಾಸಪುರದಲ್ಲಿ ಅವನ ಠಾಣೆಯ ಮೂಲೆಯಲ್ಲಿ ಗೋಣಿಚೀಲದೊಳಗೆ ಬಿದ್ದಿತ್ತು. 'ಗಂಟಿರುವ ಹಗ್ಗ ಒಂದು, ಲಾಟೀನು ಒಂದು' ಎಂದು ಮಹಜರಿನಲ್ಲಿ ಬರೆಸಿದವನೂ ಅವನೇ. ಅಳೆಯಬೇಕೆಂದು ಮಾತ್ರ ಹೊಳೆದಿರಲಿಲ್ಲ.

ಹೊಳೆಯದೆ ಇದ್ದದ್ದಕ್ಕೆ ಕಾರಣವಿತ್ತು. ಆ ಕಾರಣ ಅವನೊಬ್ಬನದೇ ಅಲ್ಲ, ಇಡೀ ಸೀಮೆಯದು.

ಹಗೇವು ಅಂದರೆ ಅಂಗಳದಲ್ಲಿ ಆಳಕ್ಕೆ ತೋಡಿದ ರಾಗಿಯ ಗುಂಡಿ. ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ, ಸುತ್ತ ಸಗಣಿ ಮಣ್ಣು ಮೆತ್ತಿಟ್ಟರೆ ವರ್ಷಗಟ್ಟಲೆ ಹುಳ ಮುಟ್ಟುವುದಿಲ್ಲ. ಆದರೆ ಬಾಯಿ ತೆಗೆದ ಕೂಡಲೇ ಯಾರೂ ಇಳಿಯುವುದಿಲ್ಲ. ಮೊದಲು ಲಾಟೀನು ಹಚ್ಚಿ ಹಗ್ಗದಲ್ಲಿ ಇಳಿಬಿಡುತ್ತಾರೆ. ಹಗ್ಗದ ಗಂಟು ಗುಂಡಿಯ ಬಾಯಿಗೆ ಬಂತೆಂದರೆ ದೀಪ ತಳ ಸೇರಿತು ಎಂದು ಅರ್ಥ. ದೀಪ ಉರಿದರೆ ಇಳಿ, ಆರಿದರೆ ಕಾಯಿ.

ಬಗ್ಗಿ ನೋಡುವವರು ದೀಪ ನೋಡುತ್ತಾರೆ, ಗಂಟು ನೋಡುತ್ತಾರೆ. ಬಿಸಿಲಿನಿಂದ ಬಂದ ಕಣ್ಣಿಗೆ ಒಳಗೆಲ್ಲ ಒಂದೇ ಕತ್ತಲೆ. ದೀಪದ ಕೆಳಗೆ ಇನ್ನೆಷ್ಟು ಆಳವಿದೆ ಎಂದು ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ತಾಯಲೂರಿನ ಅಜ್ಜನ ಮನೆಯಲ್ಲಿ ನಂದಕುಮಾರನೂ ಹೀಗೇ ದೀಪ ಇಳಿಬಿಟ್ಟವನು. ಹಿರಿಯರು ಹಾಕಿದ ಗಂಟನ್ನು ಅಳೆಯುವುದೆಂದರೆ ಹಿರಿಯರನ್ನೇ ಅನುಮಾನಿಸಿದ ಹಾಗೆ ಎಂದು ಬೆಳೆದವನು.

ಈ ಗೌನಿಪಲ್ಲಿ ಪಕ್ಕದ ತೋಟದ ಮನೆಯ ಹಗೇವಿನಲ್ಲಿ ಭಾನುವಾರ ಬೆಳಗ್ಗೆ ಯಜಮಾನ ಚನ್ನರಾಯಪ್ಪ ಉಸಿರು ಕಟ್ಟಿ ಸತ್ತಿದ್ದ. ದೀಪ ಬಿಡದೆ, ಬೇಕೆಂತಲೇ ಇಳಿಸಿ ಕೊಂದ ಎಂದು ತೋಟದಾಳು ಕದಿರೇಶನ ಮೇಲೆ ಸತ್ತವನ ತಮ್ಮ ಮುನಿರಾಮಪ್ಪ ದೂರು ಕೊಟ್ಟಿದ್ದ.

ಕದಿರೇಶ್ ಮಾತ್ರ ನಾಲ್ಕು ದಿನದಿಂದ ಒಂದೇ ಮಾತು ಹೇಳುತ್ತಿದ್ದ. ದೀಪ ಬಿಟ್ಟೆ, ಗಂಟು ಬರುವ ತನಕ ಬಿಟ್ಟೆ, ದೀಪ ಚೆನ್ನಾಗಿ ಉರಿಯುತ್ತಿತ್ತು. ಎಂದಿನಂತೆ ತಾನೇ ಇಳಿಯಬೇಕಿತ್ತು, ಪಾದಕ್ಕೆ ಜಾಲಿ ಮುಳ್ಳು ಹೊಕ್ಕು ಏಣಿ ಮೆಟ್ಟಲಾಗಲಿಲ್ಲ, ಯಜಮಾನರೇ ಇಳಿದರು. ಬಟ್ಟೆ ಸುತ್ತಿದ ಕಾಲನ್ನು ಎಳೆದುಕೊಂಡು ದಿನವೂ ಠಾಣೆಗೆ ಬಂದು ಬೆಂಚಿನ ಮೇಲೆ ಕೂರುತ್ತಿದ್ದ. ಅವನ ಹೆಂಡತಿ ಶಿವಾನಿ ಊಟದ ಡಬ್ಬಿ ಹಿಡಿದು ಗೇಟಿನ ಹೊರಗೆ ಹುಣಸೆ ಮರದಡಿ ಕೂರುತ್ತಿದ್ದಳು.

ಈ ಬೆಳಗ್ಗೆ ಸರ್ಕಲ್ ಇನ್ಸ್‌ಪೆಕ್ಟರ್ ಫೋನಿನಲ್ಲಿ ಮಾತು ಮುಗಿಸಿಬಿಟ್ಟಿದ್ದರು. ಸಂಜೆ ಐದರೊಳಗೆ ಕದಿರೇಶನನ್ನು ಅರೆಸ್ಟ್ ತೋರಿಸಿ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಕೊಲೆ ಕೇಸು, ಜಾಮೀನು ಸುಲಭವಿಲ್ಲ. ಇನ್ನೇನಾದರೂ ಸಿಕ್ಕರೆ ನಾಲ್ಕರೊಳಗೆ ಹೇಳಿ, ಆಮೇಲೆ ಬೇಡ ಎಂದಿದ್ದರು.

ಈಗ ಹೊತ್ತು ಒಂದೂಕಾಲು.

ನಂದಕುಮಾರನಿಗೆ ಇನ್ನೊಬ್ಬ ಆಳು ನೆನಪಾಗುತ್ತಿದ್ದ. ಇಪ್ಪತ್ತೆರಡು ವರ್ಷದ ಹಿಂದೆ ಮುಳಬಾಗಿಲಿನಲ್ಲಿ ಪೇದೆಯಾಗಿದ್ದಾಗ ಹಿಡಿದ ಕುರಿ ಕಾಯುವವನು. ಮಾಡದ ತಪ್ಪಿಗೆ ಹನ್ನೊಂದು ತಿಂಗಳು ಒಳಗಿದ್ದ. ಬಿಡುಗಡೆಯಾದ ದಿನ ಜೈಲಿನ ಮುಂದೆ ಸಿಕ್ಕಿ, ಬಸ್ಸು ಯಾವ ಕಡೆ ಸಾರ್ ಎಂದಷ್ಟೇ ಕೇಳಿದ್ದ. ಬೈದಿದ್ದರೂ ಇಷ್ಟು ದಿನಕ್ಕೆ ಮರೆತುಹೋಗುತ್ತಿತ್ತು. ಆ ಪಾಪದ ಮಹಜರಿನ ಅಕ್ಷರ ತನ್ನದು ಎಂಬುದನ್ನು ನಂದಕುಮಾರ್ ಯಾರಿಗೂ ಹೇಳಿರಲಿಲ್ಲ. ಇನ್ನೊಂದು ಸಲ ಅಂಥದ್ದು ತನ್ನ ಕೈಯಲ್ಲಿ ಆಗಕೂಡದು, ಅಷ್ಟಾದರೆ ಸಾಕು, ರಿಟೈರಾಗಿ ಮಲಗಿಬಿಡಬಹುದು ಎಂದು ಅವನಿಗೆ ಅನಿಸುತ್ತಿತ್ತು.

"ಊಟ ಮಾಡಿದ್ರಾ ಸಾರ್?" ಎಂದಳು ಶ್ಯಾಮಲಾ, ಅವನ ಮುಖ ನೋಡಿ.

ಇಲ್ಲವೆಂದು ತಲೆಯಾಡಿಸಿದ.

"ನಿಮ್ಮ ರಕ್ತದಲ್ಲಿ ಸಕ್ಕರೆಗೇನೂ ಬರ ಇಲ್ಲ. ಮೈಯೊಳಗಿನ ಕೋಶಕ್ಕೆ ಅದು ಹೋಗ್ತಿಲ್ಲ ಅಷ್ಟೆ. ಮನೆ ತುಂಬ ರಾಗಿ ಇದ್ದು ಬೀಸೋರಿಲ್ಲದೆ ಉಪವಾಸ ಇದ್ದಂಗೆ. ಅದಕ್ಕೇ ಈ ಸುಸ್ತು."

"ಡಾಕ್ಟ್ರು ಇಷ್ಟು ಚೆನ್ನಾಗಿ ಬೈಯಲ್ಲ ಕಣಮ್ಮ. ಮೊದಲು ಮಾವಿನಹಣ್ಣಿನ ಕತೆ ಹೇಳು."

ಶ್ಯಾಮಲಾ ಮಾಲೂರಿನವಳು. ವೇಮಗಲ್‌ನಲ್ಲಿ ಮಾವಿನ ತಿರುಳು ಡಬ್ಬಿ ಮಾಡುವ ಒಂದು ಕಾರ್ಖಾನೆಯ ಲ್ಯಾಬಿಗೆ ಮೇಲ್ವಿಚಾರಕಿ. ಹಣ್ಣಿನ ಒಳಗುಟ್ಟು ಬಲ್ಲವರು ಬೇಕೆಂದು ನಂದಕುಮಾರ್ ಭಾನುವಾರ ಸಂಜೆಯೇ ಹಗೇವಿನ ಹಣ್ಣುಗಳನ್ನು ಅವಳಿಗೆ ಕಳಿಸಿದ್ದ. ಅವಳು ಅವನ್ನು ಕಾರ್ಖಾನೆಯ ತಣ್ಣನೆ ಕೋಣೆಯಲ್ಲಿಟ್ಟು, ಕೊಯ್ದು, ಮೂಸಿ, ಪರೀಕ್ಷೆ ಮಾಡಿ ಬಂದಿದ್ದಳು.

ಅಜ್ಜ ಮುತ್ತಜ್ಜಂದಿರ ರಾಗಿ ಹಗೇವನ್ನು ಚನ್ನರಾಯಪ್ಪ ಎರಡು ವರ್ಷದಿಂದ ಮಾವು ಹಣ್ಣು ಮಾಡಲು ಬಳಸುತ್ತಿದ್ದ. ಒಂದು ಪಕ್ಕಕ್ಕೆ ಏಣಿ, ಇನ್ನೊಂದು ಪಕ್ಕಕ್ಕೆ ಬಿದಿರಿನ ಆರು ಅಟ್ಟ. ಅದರ ಮೇಲೆ ಹುಲ್ಲು ಹಾಸಿ ಬಾದಾಮಿ ಮಾವಿನಕಾಯಿ ಜೋಡಿಸುವುದು, ಮೇಲೆ ಚಪ್ಪಡಿ ಎಳೆಯುವುದು. ಹೋದ ವರ್ಷ ಚಪ್ಪಡಿ ಸುಮ್ಮನೆ ಮುಚ್ಚಿಟ್ಟಿದ್ದ. ಈ ವರ್ಷ ಬಿಸಿ ಹೊರಗೆ ಹೋಗಬಾರದೆಂದು ಬುಧವಾರ ಅದಕ್ಕೆ ಸಗಣಿ ಮಣ್ಣು ಮೆತ್ತಿಸಿದ್ದ, ರಾಗಿಗೆ ಮೆತ್ತಿದ ಹಾಗೆ.

"ಅಲ್ಲೇ ಆಗಿದ್ದು ತಪ್ಪು," ಎಂದಳು ಶ್ಯಾಮಲಾ. "ರಾಗಿ ನಿದ್ದೆ ಮಾಡೋ ಜೀವ ಸಾರ್. ಮಾವು ಎದ್ದು ಓಡಾಡೋ ಜೀವ."

ಮರದಿಂದ ಕಿತ್ತ ಮಾತ್ರಕ್ಕೆ ಕಾಯಿ ಸಾಯುವುದಿಲ್ಲ ಎಂದು ಅವಳು ಬಿಡಿಸಿ ಹೇಳಿದಳು. ಅದು ಉಸಿರಾಡುತ್ತಲೇ ಇರುತ್ತದೆ. ಒಳಗೆ ಸಾವಿರಾರು ಕಿಣ್ವಗಳು ಕೆಲಸಕ್ಕೆ ಇಳಿದಿರುತ್ತವೆ. ಒಂದು ಹಿಟ್ಟನ್ನು ಸಕ್ಕರೆ ಮಾಡುತ್ತದೆ, ಇನ್ನೊಂದು ಗಟ್ಟಿ ತಿರುಳನ್ನು ಮೆತ್ತಗೆ ಮಾಡುತ್ತದೆ, ಮತ್ತೊಂದು ಹುಳಿಯನ್ನು ಇಳಿಸುತ್ತದೆ. ಹಣ್ಣಾಗುವ ಈ ಇಡೀ ಸಂಸಾರ ನಡೆಯಲು ಶಕ್ತಿ ಬೇಕು. ಸಕ್ಕರೆಯನ್ನು ಗಾಳಿ ಸೇರಿಸಿ ಮೆಲ್ಲಗೆ ಉರಿಸಿ ಕಾಯಿ ಆ ಶಕ್ತಿಯನ್ನು ಪಡೆಯುತ್ತದೆ. ಅದಕ್ಕೇ ಹುಲ್ಲಿನಲ್ಲಿಟ್ಟ ಮಾವಿನ ರಾಶಿಯೊಳಗೆ ಕೈಯಿಟ್ಟರೆ ಬೆಚ್ಚಗಿರುವುದು. ಒಲೆ ಕಾಣುವುದಿಲ್ಲ, ಬಿಸಿ ಮಾತ್ರ ತಿಳಿಯುತ್ತದೆ.

"ನಾವು ಉಂಡಿದ್ದೂ ಹಂಗೇ ಉರಿಯೋದಾ?" ಎಂದು ಕೇಳಿದ ನಂದಕುಮಾರ್.

"ಹಂಗೇ ಸಾರ್. ನೀವೂ ಅದೇ, ಮಾವೂ ಅದೇ. ಇಬ್ಬರಿಗೂ ಬೇಕಾಗಿದ್ದು ಒಂದೇ ಗಾಳಿ."

ಮೆತ್ತಿದ ಗುಂಡಿಯಲ್ಲಿ ಆ ಗಾಳಿಯನ್ನೆಲ್ಲ ಮಾವು ನಾಲ್ಕು ದಿನದಲ್ಲಿ ಉಸಿರಾಡಿ ಮುಗಿಸಿತ್ತು. ಅದು ಬಿಟ್ಟ ಕೆಟ್ಟ ಗಾಳಿ ಭಾರ, ತಳದಲ್ಲಿ ಹೋಗಿ ಕೂತಿತ್ತು. ಚಪ್ಪಡಿಯ ಬಿರುಕಿನಿಂದ ನುಸುಳಿದ ಒಳ್ಳೆಯ ಗಾಳಿ ಮೇಲುಮೇಲಕ್ಕಷ್ಟೇ ಸಿಕ್ಕಿತ್ತು.

ಶ್ಯಾಮಲಾ ಮೊಬೈಲ್ ತೆಗೆದು, ಹೆಣ ಎತ್ತಲು ಬಂದ ಅಗ್ನಿಶಾಮಕದವರು ಭಾನುವಾರ ಹಿಡಿದ ಫೋಟೊ ತೋರಿಸಿದಳು. ನಂದಕುಮಾರ್ ಅದನ್ನು ಹತ್ತು ಸಲ ನೋಡಿದ್ದ. ಈಗ ಮೊದಲ ಸಲ ಕಂಡಿತು. ಮೇಲಿನ ಮೂರು ಅಟ್ಟದ ಹಣ್ಣು ಹಳದಿ. ಕೆಳಗಿನ ಮೂರು ಅಟ್ಟದ ಕಾಯಿ, ಅದೇ ಮರದ್ದು, ಅದೇ ದಿನ ಇಟ್ಟದ್ದು, ಇನ್ನೂ ಹಸಿರು.

"ಕೆಳಗಿನ ಕಾಯಿ ಕೊಯ್ದೆ. ಹೆಂಡದ ವಾಸನೆ. ಗಾಳಿ ಸಿಗದೆ ಇದ್ರೆ ಇದೇ ಸಕ್ಕರೆಯಿಂದ ಕಾಯಿ ಹೆಂಡ ಮಾಡ್ಕೊಂಡು ಹೆಂಗೋ ಜೀವ ಹಿಡ್ಕೊಳ್ತದೆ. ಸೇರು ಸಿಗೋ ಕಡೆ ಹಿಡಿ ಸಿಗ್ತದೆ ಅಷ್ಟೆ. ಹಣ್ಣಾಗೋಕೆ ಅದು ಸಾಲಲ್ಲ."

ಅಂದರೆ ಹಳದಿ ಮುಗಿದು ಹಸಿರು ಶುರುವಾಗುವ ಕಡೆ ಸಾವಿನ ಗೆರೆಯಿತ್ತು. ಆ ಗೆರೆ ಇದ್ದದ್ದು ಗುಂಡಿಯ ನಡುಮಧ್ಯೆ, ಆರಡಿಗೆ. ಗಂಟಿನ ಅಳತೆಗೆ ತೂಗಿದ ಲಾಟೀನು ಹಳದಿ ಹಣ್ಣಿನ ಪಕ್ಕದಲ್ಲಿ, ಒಳ್ಳೆಯ ಗಾಳಿಯಲ್ಲಿ ನಗುನಗುತ್ತಾ ಉರಿದಿತ್ತು. ಅದನ್ನು ನಂಬಿ ಇಳಿದವನು ಆರಡಿ ದಾಟಿದ ಮೇಲೆ ಎರಡು ಉಸಿರು ಎಳೆದಿರಬಹುದು, ಮೂರನೆಯದಕ್ಕೆ ಪ್ರಜ್ಞೆಯಿಲ್ಲ.

ಕದಿರೇಶ್ ಹೇಳಿದ್ದು ನಿಜ. ದೀಪ ಉರಿದಿತ್ತು.

ನಂದಕುಮಾರ್ ಹಗ್ಗವನ್ನು ಕಣ್ಣ ಹತ್ತಿರ ಹಿಡಿದ. ಹಳೆಯ ಗಂಟು ಇದ್ದ ಜಾಗ ಹನ್ನೆರಡನೆಯ ಅಡಿಯಲ್ಲಿ ಗೊತ್ತಾಗುತ್ತಿತ್ತು. ಅಲ್ಲಿ ಹಗ್ಗ ಸೊಟ್ಟಗಾಗಿತ್ತು, ಬಣ್ಣ ಮಾಸಿರಲಿಲ್ಲ. ಅದನ್ನು ಬಿಚ್ಚಿ ಯಾರೋ ಹೊಸ ಗಂಟು ಹಾಕಿದ್ದರು. ಹೊಸ ಗಂಟಿನ ಪಕ್ಕದಲ್ಲಿ ಎಳೆಗಳು ಚಪ್ಪಟೆಯಾಗಿದ್ದವು, ಸಾಲಾಗಿ, ಒತ್ತಿ ಹಿಡಿದ ಹಾಗೆ.

"ಇಲ್ಲಿ ಹಲ್ಲು ಹಾಕಿದ್ದಾರಾ ನೋಡಮ್ಮ."

ಶ್ಯಾಮಲಾ ಕನ್ನಡಕ ಸರಿಮಾಡಿಕೊಂಡು ನೋಡಿದಳು. ಹಲ್ಲೋ ಅಲ್ಲವೋ ಈಗಲೇ ತಿಳಿಯುತ್ತದೆ, ಸ್ವಲ್ಪ ಗಂಜಿ ಸಿಗುತ್ತದಾ ಎಂದಳು.

ಗಂಜಿ ಆ ಮನೆಯಲ್ಲಿ ಇದ್ದದ್ದು ಒಂದೇ ಕಡೆ. ಚನ್ನರಾಯಪ್ಪನ ತಾಯಿ ಆಂಜಿನಮ್ಮ ಬಾಗಿಲ ಪಕ್ಕದಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ಎಂಬತ್ತು ದಾಟಿದ ಜೀವ. ಮಗ ಸತ್ತ ದಿನದಿಂದ ಅಕ್ಕಿ ಗಂಜಿ ಬಿಟ್ಟು ಏನೂ ಮುಟ್ಟಿರಲಿಲ್ಲ, ಇವತ್ತು ಅದನ್ನೂ ಮುಟ್ಟಿರಲಿಲ್ಲ. ಕೇಳಿದಾಗ ಲೋಟವನ್ನು ಮುಂದಕ್ಕೆ ತಳ್ಳಿದಳು.

ಶ್ಯಾಮಲಾ ಗಂಜಿಯ ತಿಳಿಯನ್ನು ಎರಡು ಗಾಜಿನ ಲೋಟಕ್ಕೆ ಬಗ್ಗಿಸಿ ನೀರು ಬೆರೆಸಿದಳು. ಹಗ್ಗದ ದೂರದ ತುದಿಯಿಂದ ಎರಡು ಎಳೆ ಕಿತ್ತು ಒಂದಕ್ಕೆ ಹಾಕಿದಳು, ಗಂಟಿನ ಪಕ್ಕದಿಂದ ಎರಡು ಎಳೆ ಇನ್ನೊಂದಕ್ಕೆ. ಎರಡನ್ನೂ ಬಿಸಿಲು ತಾಗುವ ಕಲ್ಲಿನ ಮೇಲೆ ಇಟ್ಟಳು. ಅರ್ಧ ಗಂಟೆ ಬೇಕು ಎಂದಳು.

ನಂದಕುಮಾರ್ ಮುನಿರಾಮಪ್ಪನನ್ನು ಕರೆಸಿದ.

ಮುನಿರಾಮಪ್ಪ ಹೆಗಲ ಟವೆಲಿನಲ್ಲಿ ಕುತ್ತಿಗೆ ಒರೆಸಿಕೊಳ್ಳುತ್ತಾ ಬಂದ. ಐವತ್ತರ ಆಸುಪಾಸಿನ ಬಡಕಲು ಮನುಷ್ಯ. ಮಾತಾಡುವಾಗ ಕೈಯನ್ನು ಬಾಯಿಗೆ ಅಡ್ಡ ಹಿಡಿಯುವ ಅಭ್ಯಾಸ. ಅಪರಾಧಿಗಳಿಗೆ ಈ ಅಭ್ಯಾಸ ಇರುತ್ತದೆ ಎಂದು ಟ್ರೈನಿಂಗಿನಲ್ಲಿ ಹೇಳಿಕೊಟ್ಟಿದ್ದರು. ಟ್ರೈನಿಂಗಿನಲ್ಲಿ ಏನೇನೋ ಹೇಳಿಕೊಡುತ್ತಾರೆ.

"ಕೂತ್ಕೊಳ್ಳಿ ಮುನಿರಾಮಪ್ಪನವರೇ. ಭಾನುವಾರ ನೀವು ಹಗೇವಿನ ಹತ್ರ ಬಂದಾಗ ಕದಿರೇಶ್ ಏನು ಮಾಡ್ತಿದ್ದ?"

"ಹೇಳಿದ್ನಲ್ಲ ಸಾರ್. ಬಾಯಿ ಹತ್ರ ನಿಂತು ಕೂಗ್ತಿದ್ದ."

"ದೀಪ?"

"ಪಕ್ಕದಲ್ಲಿ ಬಿದ್ದಿತ್ತು. ಮುಟ್ಟಿ ನೋಡ್ದೆ, ತಣ್ಣಗಿತ್ತು."

"ತಣ್ಣಗಿದ್ದಿದ್ದು ನೋಡಿದ್ರಿ. ದೀಪ ಬಿಡಲೇ ಇಲ್ಲ ಅಂತ ಬರ್ಕೊಟ್ರಿ. ಇವೆರಡೂ ಒಂದೇನಾ?"

ಮುನಿರಾಮಪ್ಪ ಟವೆಲನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡ. ನಂದಕುಮಾರ್ ಅವಸರ ಮಾಡಲಿಲ್ಲ. ಅವಸರ ಮಾಡುವ ಶಕ್ತಿಯೂ ಇರಲಿಲ್ಲ. ಹಗ್ಗವನ್ನು ಇಬ್ಬರ ನಡುವೆ ಇಟ್ಟು, ಆರಡಿಯ ಲೆಕ್ಕವನ್ನೂ ಹಳದಿ ಹಸಿರಿನ ಗೆರೆಯನ್ನೂ ಹೇಳಿದ. ಈ ಮನೆಯಲ್ಲಿ ಹಗೇವಿನ ಹಗ್ಗ ಮುಟ್ಟುವವರು ಮೂರೇ ಜನ ಎಂದೂ ಹೇಳಿದ. ಒಬ್ಬ ಸತ್ತಿದ್ದಾನೆ, ಇನ್ನೊಬ್ಬ ಠಾಣೆಯಲ್ಲಿದ್ದಾನೆ.

ಮೂರನೆಯವನ ಮುಖ ಬಿಳಿಚಿಕೊಂಡಿತು.

ಅಣ್ಣತಮ್ಮಂದಿರು ಎರಡು ವರ್ಷದಿಂದ ಮಾತು ಬಿಟ್ಟಿದ್ದು ಊರಿಗೆಲ್ಲ ಗೊತ್ತಿತ್ತು. ಮಾವು ಕಡಿದು ಟೊಮೇಟೊ ಹಾಕೋಣ ಅಂತ ತಮ್ಮ, ನನ್ನ ಹೆಣ ಬಿದ್ದ ಮೇಲೆ ಕಡಿ ಅಂತ ಅಣ್ಣ. ಹೆಣ ಬಿದ್ದಾಗಿತ್ತು. ಇದಕ್ಕಿಂತ ಬೇರೆ ಕಾರಣ ಯಾವ ಪೊಲೀಸನಿಗೂ ಬೇಕಾಗುವುದಿಲ್ಲ.

"ನಾನು ಹೇಳ್ದೆ ಇದ್ರೆ ನನ್ನ ಮೇಲೇ ಬರ್ತಿತ್ತು ಸಾರ್," ಎಂದ ಮುನಿರಾಮಪ್ಪ ಕೊನೆಗೆ. "ನೀವು ಈಗ ನೋಡ್ತಿದ್ದೀರಲ್ಲ, ಊರೆಲ್ಲ ಹಂಗೇ ನೋಡ್ತಿತ್ತು. ಅವನು ಆಳು. ಆಳಿನ ಮೇಲೆ ಹೇಳಿದ್ರೆ ಯಾರೂ ಇನ್ನೊಂದು ಮಾತು ಕೇಳಲ್ಲ."

"ಹಗ್ಗ?"

"ನಮ್ಮಪ್ಪನಾಣೆ ಮುಟ್ಟಿಲ್ಲ."

ಅಪ್ಪನಾಣೆಗಳನ್ನು ನಂದಕುಮಾರ್ ಮೂವತ್ತೊಂದು ವರ್ಷದಿಂದ ಕೇಳುತ್ತಾ ಬಂದಿದ್ದ. ಆಣೆ ಇಟ್ಟ ಅಪ್ಪಂದಿರೆಲ್ಲ ಎದ್ದು ಬಂದಿದ್ದರೆ ಶ್ರೀನಿವಾಸಪುರದಲ್ಲಿ ನಿಲ್ಲಲು ಜಾಗ ಇರುತ್ತಿರಲಿಲ್ಲ.

ಅಷ್ಟರಲ್ಲಿ ಶ್ಯಾಮಲಾ ಕಲ್ಲಿನ ಹತ್ತಿರ ಹೋಗಿ ಕೈಚೀಲದಿಂದ ಟಿಂಚರ್ ಅಯೋಡಿನ್ ಬಾಟಲಿ ತೆಗೆದಳು, ಗಾಯಕ್ಕೆ ಹಚ್ಚುವುದು. ಮೊದಲ ಲೋಟಕ್ಕೆ ಎರಡು ಹನಿ ಬಿಟ್ಟಳು. ಗಂಜಿ ಕಡುನೀಲಿಯಾಯಿತು. ಎರಡನೆಯದಕ್ಕೆ ಎರಡು ಹನಿ ಬಿಟ್ಟಳು. ಗಂಜಿ ನೀಲಿಯಾಗಲಿಲ್ಲ. ತೆಳು ಕಂದು ಬಣ್ಣಕ್ಕೆ ತಿರುಗಿ ಹಾಗೇ ನಿಂತಿತು.

"ಅಯೋಡಿನ್ ಹಿಟ್ಟಿದ್ರೆ ನೀಲಿ ಆಗುತ್ತೆ. ಇಲ್ಲಿ ಹಿಟ್ಟೇ ಉಳಿದಿಲ್ಲ. ಎಂಜಲಲ್ಲಿರೋ ಕಿಣ್ವ ಅದನ್ನ ಸಕ್ಕರೆ ಮಾಡಿ ಮುಗಿಸಿದೆ." ಶ್ಯಾಮಲಾ ಲೋಟವನ್ನು ಬೆಳಕಿಗೆ ಹಿಡಿದಳು. "ಗಂಟಿನ ಹತ್ರ ಬಾಯಿ ಹಾಕಿದ್ದಾರೆ ಸಾರ್. ಒಣಗಿ ಇಷ್ಟು ದಿನ ಆಗಿದ್ರೂ ಕಿಣ್ವ ಸತ್ತಿಲ್ಲ. ನೀರು ಸೋಕಿದ ತಕ್ಷಣ ಕೆಲಸ ಶುರು ಮಾಡ್ಕೊಂಡಿದೆ."

"ನಾಲ್ಕು ದಿನ ಬಿಟ್ಟು ಕೆಲಸಕ್ಕೆ ಬಂದ್ರೂ ಸುಸ್ತಿಲ್ವಾ ಅದಕ್ಕೆ?"

"ಒಂದು ಕೆಲಸ ಮುಗಿಸಿ ಹಂಗೇ ಮುಂದಿನದಕ್ಕೆ ನಿಲ್ಲುತ್ತೆ. ಖರ್ಚಾಗಲ್ಲ. ಕುದಿಸಿದ್ರೆ ಮಾತ್ರ ಕೆಡುತ್ತೆ."

ನಂದಕುಮಾರನಿಗೆ ಆ ಕಿಣ್ವದ ಮೇಲೆ ಹೊಟ್ಟೆಕಿಚ್ಚಾಯಿತು.

ಇದೊಂದನ್ನೇ ಹಿಡಿದು ಕೋರ್ಟಿಗೆ ಹೋಗಬೇಡಿ, ಮೊಳಕೆ ಕಾಳು ತಾಗಿದ್ದರೂ ಹೀಗೆ ಆಗಬಹುದು, ಉಳಿದ ಹಗ್ಗವನ್ನು ದೊಡ್ಡ ಲ್ಯಾಬಿಗೆ ಕಳಿಸಿ ಎಂದು ಅವಳು ಎಚ್ಚರಿಸಿದಳು. ದೊಡ್ಡ ಲ್ಯಾಬಿನ ಉತ್ತರ ಬರುವಷ್ಟರಲ್ಲಿ ಮಾವು ಇನ್ನೊಂದು ಸಲ ಹೂ ಬಿಟ್ಟಿರುತ್ತದೆ ಎಂದುಕೊಂಡ ನಂದಕುಮಾರ್. ಮುನಿರಾಮಪ್ಪನ ಕಡೆ ತಿರುಗಿ ಬಾಯಿ ತೆ‌ಗೆಯಲು ಹೇಳಿದ.

ಮುನಿರಾಮಪ್ಪ ಮೊದಲು ನಾಚಿಕೊಂಡ. ಆಮೇಲೆ ಕೈ ಸರಿಸಿ ಬಾಯಿ ತೆರೆದ. ಮೇಲಿನ ಮುಂಭಾಗದಲ್ಲಿ ಒಂದೂ ಹಲ್ಲಿರಲಿಲ್ಲ. ಹೋದ ಸಂಕ್ರಾಂತಿಯಲ್ಲಿ ಬೈಕಿನಿಂದ ಬಿದ್ದು ಹೋದವು, ಕಟ್ಟಿಸಲು ಇನ್ನೂ ಪುರುಸೊತ್ತಾಗಿಲ್ಲ ಎಂದ. ರಾಗಿಮುದ್ದೆ ನುಂಗುವುದಕ್ಕೆ ಹಲ್ಲು ಯಾಕೆ ಸಾರ್ ಎಂದೂ ಸೇರಿಸಿದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನು, ಕಳ್ಳನಾಗಿರಲಿಲ್ಲ. ಬರೀ ಹೆದರಿದವನಾಗಿದ್ದ.

ಹಾಗಾದರೆ ಹಲ್ಲು ಯಾರದು? ಕದಿರೇಶನದೇ? ಎರಡು ಕೈ ನೆಟ್ಟಗಿರುವವನು ಗಂಟು ಹಾಕಲು ಬಾಯಿ ಯಾಕೆ ಬಳಸುತ್ತಾನೆ ಎಂದು ನಂದಕುಮಾರ್ ತನಗೆ ತಾನೇ ಕೇಳಿಕೊಂಡ.

"ಆ ಹಗ್ಗ ಇಲ್ಲಿ ಕೊಡು ನಾಯನಾ."

ಆಂಜಿನಮ್ಮ ಗೋಡೆಯಿಂದ ಮುಖ ತಿರುಗಿಸಿದ್ದಳು. ನಂದಕುಮಾರ್ ಎದ್ದು, ಮೊಣಕಾಲು ಹಿಡಿದುಕೊಂಡು ಹೋಗಿ ಅವಳ ಮಡಿಲಿಗೆ ಹಗ್ಗ ಕೊಟ್ಟ. ಮುದುಕಿ ನೋಡಲಿಲ್ಲ, ಕಣ್ಣು ಅಷ್ಟಾಗಿ ಕಾಣುತ್ತಿರಲಿಲ್ಲ. ಗಂಟನ್ನು ಬೆರಳಲ್ಲಿ ತಡವಿದಳು, ಮಗುವಿನ ತಲೆ ತಡವಿದ ಹಾಗೆ.

"ನನ್ನ ಚನ್ನಾಂದು," ಎಂದಳು.

ಚನ್ನರಾಯಪ್ಪನಿಗೆ ಎಡಗೈಯಲ್ಲಿ ಎರಡು ಬೆರಳಿರಲಿಲ್ಲ. ಹದಿನೈದನೆಯ ವಯಸ್ಸಿನಲ್ಲಿ ಮೇವು ಕತ್ತರಿಸುವ ಯಂತ್ರಕ್ಕೆ ಕೊಟ್ಟಿದ್ದ. ಅಂದಿನಿಂದ ಯಾವ ಗಂಟು ಹಾಕಿದರೂ ಒಂದು ಕಡೆ ಹಲ್ಲಿನಲ್ಲಿ ಕಚ್ಚಿ, ಬಲಗೈಯಲ್ಲಿ ಎಳೆಯುತ್ತಿದ್ದ. ದನದ ಹಗ್ಗ, ಹುಲ್ಲಿನ ಹೊರೆ, ಪಂಚೆಯ ಗಂಟು ಎಲ್ಲವೂ ಹಾಗೇ. ಮುನಿರಾಮಪ್ಪ ತಲೆ ತಗ್ಗಿಸಿ ಹೌದೆಂದ. ಹೆಣದ ಎಡಗೈಯನ್ನು ನಂದಕುಮಾರನೂ ಭಾನುವಾರ ನೋಡಿದ್ದ.

ಸತ್ತವನೇ ಹಗ್ಗ ಮೊಟಕು ಮಾಡಿದ್ದ. ಮೊಟಕು ಮಾಡಿದ್ದು ತಾನು ಸಾಯಲಿಕ್ಕಲ್ಲ, ಯಾಕೆಂದರೆ ಆ ಮನೆಯಲ್ಲಿ ಹಗೇವಿಗೆ ಇಳಿಯುವವನು ಒಬ್ಬನೇ.

ಕದಿರೇಶ್ ಕೊಂದವನಲ್ಲ. ಸಾಯಬೇಕಾಗಿದ್ದವನು. ಒಂದು ಜಾಲಿ ಮುಳ್ಳು ಅವನ ಜೀವ ಉಳಿಸಿತ್ತು.

ನಂದಕುಮಾರ್ ಅಂಗಳಕ್ಕೆ ಇಳಿದು ಸರ್ಕಲ್ ಇನ್ಸ್‌ಪೆಕ್ಟರಿಗೆ ಫೋನ್ ಮಾಡಿದ. ಎರಡು ಸಲ ಹೇಳಬೇಕಾಯಿತು. ಮಾವಿನಕಾಯಿ ಉಸಿರಾಡುವ ವಿಷಯಕ್ಕೆ ಅವರು ನಕ್ಕರು, ಬೆರಳಿಲ್ಲದ ಕೈಯ ವಿಷಯಕ್ಕೆ ಸುಮ್ಮನಾದರು. ಸರಿ, ಸದ್ಯಕ್ಕೆ ಮನೆಗೆ ಕಳಿಸಿ, ಬರೆದು ಕಳಿಸಿ ಎಂದರು. ಆಮೇಲೆ ಅವನು ಠಾಣೆಯ ಪೇದೆ ಶಿವಕುಮಾರನಿಗೆ ಫೋನ್ ಮಾಡಿ, ಕದಿರೇಶನ ಸಹಿ ತೆಗೆದುಕೊಂಡು ಹೆಂಡತಿ ಜೊತೆ ಕಳಿಸಿಬಿಡು ಎಂದ. ಊಟ ಮಾಡಿಕೊಂಡು ಹೋಗಲು ಹೇಳು ಎಂದೂ ಹೇಳಿದ.

ಹೊತ್ತು ಮೂರಕ್ಕೆ ಹತ್ತು ನಿಮಿಷ ಇತ್ತು. ಮುಳಬಾಗಿಲಿನ ಕುರಿ ಕಾಯುವವನ ಬೆನ್ನು ಎಲ್ಲೋ ದೂರದಲ್ಲಿ, ಬಸ್ಸಿನ ಕಡೆ ಹೋದಂತೆ ಅನಿಸಿತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ನಂದಕುಮಾರನಿಗೆ ಸಂತೋಷವೇ ಆಯಿತು. ಅದು ಎಷ್ಟು ಹೊತ್ತು ಇರುತ್ತದೆ ಎಂದು ಅವನಿಗೆ ತಿಳಿಯಬೇಕಿತ್ತು, ಇಷ್ಟು ವರ್ಷ ಪೊಲೀಸಾಗಿದ್ದವನಿಗೆ.

ಜಗಲಿ ಹತ್ತುವಾಗ ಶ್ಯಾಮಲಾ ಕೆಳದನಿಯಲ್ಲಿ ಕೇಳಿದಳು. "ಸಾರ್, ಒಂದು ಅರ್ಥ ಆಗ್ತಿಲ್ಲ. ಹಗ್ಗ ಮೊಟಕು ಮಾಡಿದೋರು ಅವರೇ. ದೀಪ ಸುಳ್ಳು ಅಂತ ಅವರಿಗೆ ಗೊತ್ತು. ಗೊತ್ತಿದ್ದೂ ಯಾಕೆ ಇಳಿದ್ರು?"

ನಂದಕುಮಾರ್ ಮೆಟ್ಟಿಲ ಮೇಲೆ ನಿಂತ.

ಫೋನ್ ಹೊಡೆದುಕೊಂಡಿತು. ಶಿವಕುಮಾರ್. ಕಳಿಸಿಬಿಟ್ಟೆ ಸಾರ್ ಎಂದ. ಊಟಕ್ಕೆ ನಿಲ್ಲಿ ಅಂದರೂ ಗಂಡ ಹೆಂಡತಿ ಇಬ್ಬರೂ ನಿಲ್ಲಲಿಲ್ಲವಂತೆ. ಡಬ್ಬಿ ಹುಣಸೆ ಮರದಡಿಯೇ ಬಿಟ್ಟು ಹೋಗಿದ್ದಾರಂತೆ.

"ನಡೆಯೋಕೆ ಆಗ್ತಿತ್ತಾ ಅವನಿಗೆ? ಕಾಲು ನೋವಲ್ವಾ?"

"ನಡೆಯೋದೇನು ಸಾರ್, ಓಡಿದ. ಮದನಪಲ್ಲಿ ಬಸ್ಸು ಹೊರಡ್ತಿತ್ತು, ಓಡ್ಹೋಗಿ ಹತ್ಕೊಂಡ್ರು ಇಬ್ರೂ."

ನಂದಕುಮಾರ್ ಫೋನ್ ಕೆಳಗಿಳಿಸಿದ. ಕದಿರೇಶನ ಮನೆ ಇದ್ದದ್ದು ಇದೇ ತೋಟದ ಅಂಚಿನಲ್ಲಿ. ಮದನಪಲ್ಲಿ ಇರುವುದು ಆಂಧ್ರದಲ್ಲಿ.

ಆಂಜಿನಮ್ಮ ಹಗ್ಗವನ್ನು ಇನ್ನೂ ಮಡಿಲಲ್ಲೇ ಇಟ್ಟುಕೊಂಡಿದ್ದಳು.

"ಕದಿರೇಶನ್ನ ಬಿಟ್ಟೆಯಾ ನಾಯನಾ?"

"ಬಿಟ್ಟೆ ಅಮ್ಮ."

"ಶನಿವಾರ ಸಂಜೆ ಚನ್ನ ಇಲ್ಲೇ ಕೂತು ಗಂಟು ಹಾಕ್ತಿದ್ದ. ಯಾಕೋ ಅಂದೆ. ದೀಪ ನೆಲಕ್ಕೆ ತಾಗಿ ಗಾಜು ಒಡೀತದೆ ಅಂದ. ಹೆತ್ತವಳು ನಾನು, ಅವನ ಸುಳ್ಳು ನನಗೆ ಗೊತ್ತಾಗಲ್ವಾ? ಆಳಿನ ಮೇಲೆ ಅವನಿಗೆ ಯಾಕೆ ಅಷ್ಟು ಸಿಟ್ಟು ಅನ್ನೋದನ್ನ ನನ್ನ ಬಾಯಲ್ಲಿ ಕೇಳ್ಬೇಡ." ಮುದುಕಿಯ ಬೆರಳು ಗಂಟಿನ ಮೇಲೆ ನಿಂತಿತು. "ಪರರ ಮಗ ಸಾಯಬಾರದು ಅಂತ ದೀಪ ಹಚ್ಚೋ ಹೊತ್ತಿಗೆ ಕದಿರೇಶನ ಗುಡಿಸಲಿಗೆ ಹೋದೆ. ಹಗ್ಗ ಮೊಟಕಾಗಿದೆ, ನಾಳೆ ಇಳೀಬೇಡ ಕಣೋ ಅಂದೆ."

ನಂದಕುಮಾರ್ ನಿಧಾನವಾಗಿ ಅವಳ ಎದುರು ನೆಲದ ಮೇಲೆ ಕೂತ. ಮೊಣಕಾಲಿನ ನೋವು ಅವನಿಗೆ ಗೊತ್ತಾಗಲಿಲ್ಲ.

"ಅವನು ಏನಂದ ಅಮ್ಮ?"

"ಸರಿ ಅಜ್ಜಿ, ನಾನು ಇಳಿಯಲ್ಲ ಅಂದ. ಹಗ್ಗದ ವಿಷಯ ನಾನೇ ನೋಡ್ಕೊಳ್ತೀನಿ, ಯಜಮಾನ್ರಿಗೆ ನೀನೇನೂ ಹೇಳ್ಬೇಡ ಅಂದ. ಬೆಳಗ್ಗೆ ಚನ್ನನಿಗೆ, ಗಂಟು ಜಾರಿತ್ತು ಯಜಮಾನ್ರೇ, ಬಿಚ್ಚಿ ಹನ್ನೆರಡಡಿಗೆ ಹಾಕಿದ್ದೀನಿ ಅಂತಿದ್ದ." ಆಂಜಿನಮ್ಮ ಗೋಡೆಯ ಕಡೆಗೆ ತಿರುಗಿಕೊಂಡಳು. "ನಾನು ಹೇಳಲಿಲ್ಲ."